ಬಾಯಿಗೆ ಬಟ್ಟೆ ಕಟ್ಟಿಕೊಂಡು ಬೀಸಿದವರು

ಕೆಂಬಯಲು, ಮೂರನೆಯ ಸುರಂಗ
ಚೈತ್ರದ ಐವತ್ತೊಂದನೆಯ ದಿನ. ನಿಮ್ಮ ಲೆಕ್ಕದಲ್ಲಿ ಇಸವಿ ೨೪೧೭

ಹಿಂದಿನ ಕಾಲದವರಾದ ನಿಮಗೆ ದ್ಯಾಮಕ್ಕನ ನಮಸ್ಕಾರ. ತಾರೀಕು ನೋಡಿ ನಗಬೇಡಿ. ಮಂಗಳದಲ್ಲಿ ವರ್ಷ ನಿಮ್ಮದರ ಎರಡರಷ್ಟು ಉದ್ದ, ನಮ್ಮ ತಿಂಗಳುಗಳು ಬೇಗ ಮುಗಿಯುವುದಿಲ್ಲ. ನಿಮಗೆ ತಿಳಿಯದ ಮಾತು ನಡುವೆ ಬಂದರೆ ಕ್ಷಮಿಸಿ. ನಾಲ್ಕು ನೂರು ವರ್ಷದಲ್ಲಿ ಭಾಷೆಗೂ ಧೂಳು ಹಿಡಿಯುತ್ತದೆ.

ಗಾಜಿನ ಮಾಡಿನ ಕೆಳಗೆ ರಾಗಿ ಬೆಳೆಯುವವರು ನಾವು. ಬೆಳೆಯಬಹುದು, ಬೀಸುವಂತಿಲ್ಲ. ಅದು ಹಿಟ್ಟಿನ ಕಟ್ಟಳೆ. ತಾಯಿನೆಲದವರು, ಅಂದರೆ ನಿಮ್ಮ ಭೂಮಿಯವರು, ನಮಗಾಗಿ ಮಾಡಿದ ಕಾನೂನು. ರಾಗಿ ಅವರ ಹಡಗಿನಲ್ಲೇ ಮೇಲಿನ ಗಿರಣಿಗೆ ಹೋಗಬೇಕು. ಅದು ನಮ್ಮ ತಲೆಯ ಮೇಲೆ ಆಕಾಶದಲ್ಲಿ ಸುತ್ತುವ ಕಾರ್ಖಾನೆ. ಹೋಗುವಾಗ ಒಂದು ಸುಂಕ, ಹಿಟ್ಟಾಗಿ ಮೊಹರು ಬಿದ್ದು ಇಳಿಯುವಾಗ ಇನ್ನೊಂದು. ನಾವು ಬೆಳೆದದ್ದನ್ನೇ ನಾವು ಕೊಂಡು ತಿನ್ನಬೇಕು, ಅದೂ ಮುಗ್ಗಿದ್ದನ್ನು. ಆ ಕಾನೂನು ಮಾಡಿದ ಸಭೆಯಲ್ಲಿ ನಮ್ಮವರೊಬ್ಬರೂ ಕೂತಿರಲಿಲ್ಲ. ರಾಗಿ ಕಂಡರಿಯದ ಮಹಾನುಭಾವರು ರಾಗಿಗೆ ಕಾನೂನು ಬರೆದರು. ಹೊಟ್ಟೆ ಉರಿಯದೆ ಇರುತ್ತದೆಯೇ?

ಮನೆಮನೆಯ ಬೀಸುವ ಕಲ್ಲು ಮಂಚದ ಕೆಳಗೆ ಸೇರಿತು. ಆಗ ಆಲಿಸುವವರು ಬಂದರು. ಸುರಂಗದ ಗೋಡೆಗೆ ನಳಿಗೆಯಿಟ್ಟು ಕಿವಿಗೊಡುವುದೇ ಸುಂಕದವರ ಈ ಆಳುಗಳ ಕೆಲಸ. ಕಲ್ಲಿನ ಕೆಳಗೆ ಕಂಬಳಿ ಹಾಸಿದರೆ ಅದರ ಸದ್ದು ಅಡಗುತ್ತಿತ್ತು. ನನ್ನ ಅಜ್ಜಿ ಕೆಂಚವ್ವ ಹಾಸಿಯೂ ಇದ್ದಳು. ಆದರೆ ಕಲ್ಲಿನ ಗೂಟ ಹಿಡಿದೊಡನೆ ಅವಳ ಬಾಯಲ್ಲಿ ಹಾಡು ತಾನಾಗಿ ಬರುತ್ತಿತ್ತು. ಅವರಿಗೆ ಕೇಳಿಸಿದ್ದು ಕಲ್ಲಲ್ಲ, ಹಾಡು. ಕಲ್ಲನ್ನು ಬೀದಿಯಲ್ಲಿ ಒಡೆದು ಅವಳನ್ನು ಹಡಗು ಹತ್ತಿಸಿದರು. ಅವಳು ಮತ್ತೆ ಬರಲಿಲ್ಲ. ಅಂದಿನಿಂದ ನಮ್ಮ ಹೆಂಗಸರು ಬಾಯಿಗೆ ಬಟ್ಟೆ ಕಟ್ಟಿಕೊಂಡು ಬೀಸುತ್ತಾರೆ. ನನ್ನ ಅವ್ವ ತಿಪ್ಪಕ್ಕ ಹಾಗೆಯೇ ಬೀಸಿದಳು, ನಾನೂ ಬೀಸಿದೆ. ಮನೆಗೆ ಬಂದ ಸೊಸೆಗೆ ಮೊದಲು ಕೊಡುವುದು ಸೀರೆಯಲ್ಲ, ಆ ಬಟ್ಟೆ.

ನಿಮ್ಮ ಲೆಕ್ಕದ ಎಪ್ಪತ್ತು ವರ್ಷದ ಸಿಟ್ಟು ಹೋದ ಮಾಘದಲ್ಲಿ ಒಡೆಯಿತು. ಮೊಹರಿನ ಹಿಟ್ಟಿನ ಮೂಟೆಗಳನ್ನೆಲ್ಲ ಹೊರಬಾಗಿಲಿನಿಂದ ಕೆಂಪು ಧೂಳಿಗೆ ಸುರಿದೆವು. ಅಡಗಿಸಿಟ್ಟಿದ್ದ ರಾಗಿಯಲ್ಲಿ ಐವತ್ತು ದಿನ ಅರೆಹೊಟ್ಟೆಯಲ್ಲಿ ಹಲ್ಲು ಕಚ್ಚಿ ಕೂತೆವು. ಕೊನೆಗೆ ತಾಯಿನೆಲದಿಂದ ಕಾಗದ ಬಂತು: ಕಟ್ಟಳೆ ರದ್ದು. ಅದೇ ಕಾಗದದ ಕೆಳಗೆ, ನಮ್ಮ ಮೇಲೆ ಯಾವುದಕ್ಕಾದರೂ ಸುಂಕ ಹಾಕುವ ಹಕ್ಕು ತಮ್ಮದೇ ಎಂದೂ, ಬರುವ ತಿಂಗಳಿಂದ ಕುಡಿಯುವ ನೀರಿಗೆ ಸುಂಕವೆಂದೂ ಇತ್ತು.

ಅಷ್ಟು ಓದುವ ಮೊದಲೇ ಹೆಂಗಸರು ಕಲ್ಲುಗಳನ್ನು ಬೀದಿಗೆ ತಂದಿದ್ದರು. ನಲವತ್ತು ಕಲ್ಲು! ಬಟ್ಟೆ ಬಿಚ್ಚಿ ಎಸೆದು ತಿರುಗಿಸತೊಡಗಿದೆವು. ಹಾಡು ಎತ್ತಲಿ ಎಂದು ನಾನು ಪಕ್ಕದ ಮನೆಯ ಈರಮ್ಮನ ಮುಖ ನೋಡಿದೆ. ಅವಳು ನನ್ನ ಮುಖ ನೋಡುತ್ತಿದ್ದಳು. ಒಬ್ಬರಿಗೂ ಒಂದು ಸಾಲೂ ಗೊತ್ತಿರಲಿಲ್ಲ.

ಅವ್ವ ಈಗ ಹಾಸಿಗೆ ಹಿಡಿದಿದ್ದಾಳೆ. ವೈದ್ಯರು ಇನ್ನೊಂದು ವಾರ ಎಂದಿದ್ದಾರೆ. "ನಮ್ಮವ್ವ ಹೇಳ್ತಿದ್ದ ಹಾಡು ಒಂದ್ಸಲ ಕಿವಿಗ್ ಬಿದ್ರೆ ಸಾಕು ಕಣೆ, ಕಣ್ ಮುಚ್ಕಂತೀನಿ. ರಾಗ ನೆಪ್ಪೈತೆ, ಮಾತೇ ಬರ್ತಿಲ್ಲ," ಎಂದು ನಿಮ್ಮ ಲೆಕ್ಕದ ಎಂಬತ್ತರ ಮುದುಕಿ ಬಿಕ್ಕುತ್ತಾಳೆ. ನನಗೆ ನೋಡಲಾಗುತ್ತಿಲ್ಲ.

ನಮ್ಮಲ್ಲಿರುವ ಯಂತ್ರ ಕಾಗದವನ್ನು ಹಿಂದಿನ ಕಾಲಕ್ಕೆ ಮಾತ್ರ ಕಳಿಸಬಲ್ಲದು. ನಿಮ್ಮದೇನಿದ್ದರೂ ವರ್ಷ ವರ್ಷ ಕಾದೇ ನಮ್ಮನ್ನು ಮುಟ್ಟಬೇಕು. ನಿಮ್ಮಲ್ಲಿ ಬೀಸುವುದಕ್ಕೆ ಯಾರ ಅಡ್ಡಿಯೂ ಇಲ್ಲವಂತೆ. ಆದರೂ ಕಲ್ಲನ್ನು ಹಿತ್ತಲಿಗೆ ಎಸೆದು, ಗಿರಣಿಯ ಹಿಟ್ಟು ತಂದು ಹಾಯಾಗಿದ್ದೀರಂತೆ. ಆಲಿಸುವವರ ಕೆಲಸವನ್ನು ಪುಕ್ಕಟೆ ಮಾಡಿಕೊಟ್ಟಿದ್ದೀರಿ, ಭೇಷ್! ಬೈಯಲು ಬರೆದದ್ದಲ್ಲ ಇದು, ಬೇಡಲು ಬರೆದದ್ದು. ನಿಮ್ಮ ಬೀದಿಯಲ್ಲಿ ಒಬ್ಬಳಾದರೂ ಮುದುಕಿ ಇರುತ್ತಾಳೆ. ಪಕ್ಕದಲ್ಲಿ ಕೂತು, ರಾಗಿ ಬೀಸುವ ಒಂದೇ ಒಂದು ಹಾಡು ಬರೆದುಕೊಳ್ಳಿ. ತಾಮ್ರದ ತಗಡಿನ ಮೇಲೆ ಕೊರೆದು ಮಕ್ಕಳ ಕೈಗೆ ಕೊಡಿ. ಮೊದಲ ಹಡಗಿನವರು ತಾಯಿನೆಲದಿಂದ ತಂದ ಪೆಟ್ಟಿಗೆಗಳು ಇಂದಿಗೂ ನಮ್ಮ ಉಗ್ರಾಣದಲ್ಲಿವೆ. ನೀವು ಬರೆದಿಟ್ಟಿದ್ದರೆ ಅದು ಈಗಾಗಲೇ ಅಲ್ಲಿರಬೇಕು.

ಈ ಬೆಳಿಗ್ಗೆ ಹೋಗಿ ಹುಡುಕಿದೆ. ಕೊನೆಯ ಪೆಟ್ಟಿಗೆಯ ತಳದವರೆಗೂ ಹುಡುಕಿದೆ. ಇಲ್ಲ. ಅವ್ವನಿಗೆ ಮಾತ್ರ, ಸಿಕ್ಕಿದೆ, ನಾಳೆ ತರುತ್ತೇನೆ ಎಂದು ಹೇಳಿದ್ದೇನೆ.

ದ್ಯಾಮಕ್ಕ