ಕೆಂಪು ಸೂಟ್‌ಕೇಸಿನ ಗಾಲಿಗಳು

ಪೆರೇರಾ, ಕೊಲಂಬಿಯಾ
ಜನವರಿ 4

ಪ್ರೀತಿಯ ಮಗಳು ನೋರೆಲಿಗೆ,

ಹೇಗಿದ್ದೀಯ? ಮ್ಯಾಡ್ರಿಡ್‌ನ ಚಳಿಗೆ ಆ ಕೆಮ್ಮು ಮತ್ತೆ ಶುರುವಾಯಿತೇ? ನೀನು ನೋಡಿಕೊಳ್ಳುವ ಮುದುಕಿ ರಾತ್ರಿಯಾದರೂ ನಿದ್ದೆ ಮಾಡಲು ಬಿಡುತ್ತಾಳೆಯೇ? ನಾನು ಗಟ್ಟಿಯಾಗಿದ್ದೇನೆ, ಕಾಲು ಮಾತ್ರ ನನ್ನ ಮಾತು ಕೇಳುವುದಿಲ್ಲ. ಫೋನಿನಲ್ಲಿ ಎಲ್ಲ ಹೇಳಲಾಗದು. ನಿನ್ನ ಮಗಳು ಸರಾಯ್ ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತಾಳೆ. ಎದುರುಮನೆಯ ದುಬಿಯಾ ಇವತ್ತು ಅಲ್ಲಿಗೇ ಹೊರಟಿದ್ದಾಳೆ, ಅವಳ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಡಿಸೆಂಬರ್ ಬಂತೆಂದರೆ ನಮ್ಮ ಅಂಗಡಿಯಲ್ಲಿ ಕೆಲಸದವರ ಕುರ್ಚಿಗಳೆಲ್ಲ ಮಾಯ. ಮೇಲ್ವಿಚಾರಕ ಎಡಿಲ್ಸನ್, ನಿನಗಿಂತ ಚಿಕ್ಕವನು, "ಕೂತ್ಕೊಂಡ್ರೆ ಗಿರಾಕಿಗಳು ಏನಂದ್ಕೋತಾರಮ್ಮ" ಎಂದು ನನ್ನ ತಲೆಗೊಂದು ಕೆಂಪು ಟೋಪಿ ಸಿಕ್ಕಿಸಿ ಸೂಟ್‌ಕೇಸುಗಳ ನಡುವೆ ನಿಲ್ಲಿಸಿದ. ಕ್ರಿಸ್‌ಮಸ್‌ಗೆ ಮುಂಚಿನ ಒಂಬತ್ತು ಸಂಜೆಯ ಪ್ರಾರ್ಥನೆಗಳಲ್ಲಿ ಒಂದಕ್ಕೂ ನಾನು ಮನೆಯಲ್ಲಿರಲಿಲ್ಲ. ಅಂಗಡಿಯ ಮೈಕಿನಲ್ಲೇ ಓದಿಸಿದರು. ಬಾಲಯೇಸುವಿನ ಹಾಡು ಮುಗಿಯುತ್ತಿದ್ದಂತೆ ಬಾಣಲೆಗಳ ಮೇಲೆ ರಿಯಾಯಿತಿಯ ಕೂಗು. ದೇವರೂ ಸಂಬಳವಿಲ್ಲದೆ ದುಡಿದ. ಸರಾಯ್ ಅಕ್ಕಪಕ್ಕದವರ ಮನೆಯಲ್ಲಿ ಸಿಹಿ ತಿಂದು ಅಲ್ಲೇ ಮಲಗಿದಳು.

ಮೂವತ್ತೊಂದನೇ ತಾರೀಖಿನ ನೂಕುನುಗ್ಗಲು ನಿನಗೆ ಗೊತ್ತೇ ಇದೆ. ಹನ್ನೆರಡು ಹೊಡೆಯುತ್ತಲೇ ಖಾಲಿ ಸೂಟ್‌ಕೇಸ್ ಎಳೆದುಕೊಂಡು ಬೀದಿ ಸುತ್ತಿದರೆ ಹೊಸ ವರ್ಷದಲ್ಲಿ ಪ್ರಯಾಣದ ಯೋಗವಂತೆ. ಊರಿಗೆ ಊರೇ ನನ್ನ ಮುಂದೆ. ಎರಡನೇ ತಾರೀಖು ಅದೇ ಜನ ಅದೇ ಸೂಟ್‌ಕೇಸ್ ತಂದು, "ಬಟ್ಟೆ ಬೀರುವಿನೊಳಗೆ ಹಿಡೀಲಿಲ್ಲಮ್ಮ, ವಾಪಸ್ ತಗೊಳ್ಳಿ" ಎನ್ನುತ್ತಾರೆ. ಗಾಲಿ ತಿರುಗಿಸಿ ನೋಡುವುದು ನನ್ನ ಕೆಲಸ. ಮಣ್ಣು, ಪಟಾಕಿಯ ಚೂರು ಕಂಡರೆ ತಗೊಳ್ಳುವಂತಿಲ್ಲ. ಒಬ್ಬಾಕೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತಂದಿದ್ದಳು. "ಇನ್ನೂ ನೀರು ತೊಟ್ಟಿಕ್ತಿದೆಯಲ್ಲಮ್ಮ" ಎಂದೆ. "ಬೇರೆಯವರು ಊರು ಬಿಟ್ಟು ಹೋಗ್ತಾರೆ ಅಂದ್ರೆ ನಿಮಗೆ ಹೊಟ್ಟೆಉರಿ" ಎಂದಳು. ಹೌದು, ಉರಿಯೇ. ಇಷ್ಟು ವರ್ಷ ಸೂಟ್‌ಕೇಸ್ ಮಾರಿದ ನಾನು ಹೋದ ದೂರವೆಂದರೆ ನಿನ್ನನ್ನು ಬೀಳ್ಕೊಟ್ಟ ವಿಮಾನ ನಿಲ್ದಾಣ.

ಈ ಸಲ ನಾನೂ ಅದೇ ಆಟ ಹೂಡಿದೆ. ನೀನು ಹೋದಾಗಿನಿಂದ ಸರಾಯ್ ಪ್ರತಿ ವರ್ಷ ನನ್ನ ಹರಕು ಪೆಟ್ಟಿಗೆ ಎಳೆದುಕೊಂಡು, "ಅಮ್ಮನ ಹತ್ರ ಹೋಗ್ತೀನಿ" ಎಂದು ಕೂಗುತ್ತ ಬೀದಿ ಸುತ್ತಿದ್ದಾಳೆ. ಪೆಟ್ಟಿಗೆ ಹರಕಾದದ್ದಕ್ಕೇ ಫಲ ಸಿಗಲಿಲ್ಲವೇನೋ ಎಂದು ಹೊಸದೊಂದು ಕೆಂಪು ಸೂಟ್‌ಕೇಸ್ ಕೊಂಡೆ. ಆಮೇಲೆ ಗಾಲಿ ಒರೆಸಿ ಹಿಂದಿರುಗಿಸಿದರಾಯಿತು ಎಂದುಕೊಂಡು, ನೆಲಕ್ಕೆ ತಾಗದಂತೆ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದೆ. ಹುಡುಗಿ ಅದನ್ನು ಸವರಿ ನೋಡಿ, ಚೆನ್ನಾಗಿದೆ ಎಂದಳು. ಉಳಿದದ್ದನ್ನು ನೀನೇ ಊಹಿಸಿಕೋ. ಮುಂದಿನ ಡಿಸೆಂಬರಿಗೆ ಖಂಡಿತ ಬರುತ್ತೇನೆಂದು ಪ್ರತಿ ಡಿಸೆಂಬರಿನಲ್ಲೂ ಹೇಳುತ್ತೀಯ. ನಮ್ಮ ಅಂಗಡಿಯ 'ಇಂದೇ ಕೊನೆ' ರಿಯಾಯಿತಿಯೂ ಹಾಗೆಯೇ, ಕೊನೆಯಾಗುವುದೇ ಇಲ್ಲ.

ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಊಟ ಮಾಡು. ಮರಿಯಮ್ಮ ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ಲಿಯೊನಿಲ್ದೆ

ಮರೆತೆ: ದುಬಿಯಾಳ ಟ್ಯಾಕ್ಸಿ ಬಂದಾಯಿತು, ಆದರೂ ಹೇಳಿಬಿಡುತ್ತೇನೆ. ಮೂವತ್ತೊಂದರ ರಾತ್ರಿ ಹನ್ನೆರಡು ಗಂಟೆ ಹೊಡೆಯಿತು, ಬೀದಿ ತುಂಬ ಗಾಲಿಗಳ ಸದ್ದು. ಸರಾಯ್ ಹೊಸ್ತಿಲಿಂದ ಏಳಲೇ ಇಲ್ಲ. "ನಾನ್ಯಾಕಜ್ಜಿ ಸುತ್ಲಿ? ಬಿಟ್ಟು ಹೋದೋಳು ಅವ್ಳು. ಬೇಕಿದ್ರೆ ಅವ್ಳೇ ಅಲ್ಲಿ ಸುತ್ಲಿ" ಎಂದಳು. ನಿನ್ನನ್ನು ಅಮ್ಮ ಎನ್ನಲಿಲ್ಲ, ನೋರೆಲಿ. ಸೂಟ್‌ಕೇಸ್ ಹಿಂದಿರುಗಿಸಿದಾಗ ಎಡಿಲ್ಸನ್ ತಾನೇ ಗಾಲಿ ತಿರುಗಿಸಿ ನೋಡಿದ. ಒಂದು ಕಣ ಮಣ್ಣಿಲ್ಲ. "ಎಲ್ರೂ ನಿಮ್ಮ ಥರ ಪ್ರಾಮಾಣಿಕವಾಗಿದ್ರೆ ಎಷ್ಟು ಚೆನ್ನಾಗಿತ್ತಮ್ಮ" ಎಂದ. ಡಿಸೆಂಬರಿಗೆ ಕಾಯಬೇಡ. ಈಗಲೇ ಬಾ.