ಉಗುರುಬಣ್ಣದ ಚುಕ್ಕೆ

ಭಾನುವಾರ, ಮಧ್ಯಾಹ್ನ

ನನ್ನವರಿಗೆ,

ಹೀಗೆ ಕರೆಯುವ ಹಕ್ಕು ಇನ್ನೂ ಇದೆಯೋ ಇಲ್ಲವೋ ಗೊತ್ತಿಲ್ಲ. ಬೇರೆ ಹೇಗೆ ಕರೆಯಬೇಕೆಂದು ಹೊಳೆಯಲಿಲ್ಲ, ಹಾಗಾಗಿ ಇದೇ ಇರಲಿ. ಫೋನಿನಲ್ಲಾದರೆ ಎರಡನೇ ಮಾತಿಗೇ ನಮ್ಮಿಬ್ಬರಿಗೂ ಜಗಳ ಹತ್ತಿಕೊಳ್ಳುತ್ತದೆ. ಅದಕ್ಕೇ ಈ ಕಾಗದ.

ಮುಂದಿನ ವಾರ ಬರುತ್ತೀರೆಂದು ಮಗಳು ಹೇಳಿದಳು. ನೀವಿರುವ ಊರಿನ ಸ್ಟುಡಿಯೊ ಒಂದರಲ್ಲಿ ಕೆಲಸ ಸಿಕ್ಕಿದೆಯಂತೆ, ನಿಮ್ಮ ದೊಡ್ಡ ಲೆನ್ಸ್ ಒಯ್ಯಲು ಬರುತ್ತೀರಂತೆ. ವರ್ಷವಾದ ಮೇಲೆ ಅಪ್ಪ ಬರ್ತಿದ್ದಾರೆ ಅಂತ ಅವಳು ಮನೆ ತುಂಬ ಓಡಾಡಿದಳು. ನಾನು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಆ ಲೆನ್ಸ್ ಮನೆಯಲ್ಲಿಲ್ಲ. ಅದಿಲ್ಲವೆಂದರೆ ನೀವು ಬರಲು ಕಾರಣವೂ ಇಲ್ಲ. ಹೇಳದೆ ಇದ್ದುಬಿಡೋಣ, ಬಂದ ಮೇಲೆ ನೋಡಿಕೊಳ್ಳೋಣ ಅಂತಲೂ ಅನಿಸಿತು. ಆದರೆ ಬಾಗಿಲಲ್ಲೇ ನಿಮ್ಮ ಮುಖ ಬಾಡುವುದನ್ನು ನೋಡುವ ಧೈರ್ಯ ನನಗಿಲ್ಲ.

ಮಾರಿದೆ. ಇನ್ನು ಕ್ಯಾಮೆರಾ ಮುಟ್ಟುವುದಿಲ್ಲ, ಬೇಕಾದರೆ ಮಾರಿಕೋ ಅಂತ ಮನೆ ಬಿಟ್ಟು ಹೋಗುವಾಗ ನೀವೇ ಹೇಳಿದ್ದಿರಿ. ಮಗಳ ಕಾಲೇಜಿನ ಫೀಸು ಬೇರೆ ತಲೆಯ ಮೇಲಿತ್ತು. ಹಳೆಯ ಕ್ಯಾಮೆರಾವನ್ನು ಯಾರೂ ಮೂಸುವುದಿಲ್ಲ, ಲೆನ್ಸಿಗೆ ಮಾತ್ರ ಗಿರಾಕಿ ಇದೆ ಅಂತ ನನ್ನ ತಮ್ಮ ಹೇಳಿದ. ಜನ ತಮ್ಮ ಹಳೆಯ ಸಾಮಾನು ಮಾರುವ ಆಪ್‌ನಲ್ಲಿ ಹಾಕಲು ಹೊರಟೆ. ಕಲೆ ಇದ್ದರೆ ಬೆಲೆ ಬರುವುದಿಲ್ಲ ಎಂದು ಅಲ್ಲೇ ಬರೆದಿತ್ತು.

ಲೆನ್ಸಿನ ಬುಡದಲ್ಲಿ ಒಂದೇ ಒಂದು ಕಲೆ ಇತ್ತು, ನಿಮಗೆ ಗೊತ್ತು. ಕಂಪನಿಯವರು ಹಾಕಿದ್ದ ಬಿಳಿ ಗುರುತು ಸವೆದುಹೋಗಿ, ಮದುವೆ ಹಾಲ್‌ನ ಮಬ್ಬು ಬೆಳಕಿನಲ್ಲಿ ಲೆನ್ಸ್ ಹೇಗೆ ಕೂರಿಸಬೇಕೆಂದು ತಿಳಿಯದೆ ಒದ್ದಾಡುತ್ತಿದ್ದಿರಲ್ಲ, ಆಗ ನನ್ನ ಕೆಂಪು ಉಗುರುಬಣ್ಣದಲ್ಲಿ ಲೆನ್ಸಿಗೊಂದು, ಕ್ಯಾಮೆರಾಗೊಂದು ಚುಕ್ಕೆ ಇಟ್ಟುಕೊಟ್ಟಿದ್ದೆ. ಚುಕ್ಕೆಗೆ ಚುಕ್ಕೆ ಸೇರಿಸಿ ತಿರುಗಿಸಿದರೆ ಆಯಿತು. ಇದು ನಮ್ಮ ಸಿಡುಕಮ್ಮನ ಇಂಜಿನಿಯರಿಂಗು ಅಂತ ಕಂಡಕಂಡವರಿಗೆಲ್ಲ ತೋರಿಸಿಕೊಂಡು ತಿರುಗಿದಿರಿ. ಆ ಚುಕ್ಕೆಯನ್ನು ರಿಮೂವರ್ ಹಾಕಿದ ಹತ್ತಿಯಿಂದ ಒರೆಸಿದೆ. ಒಂದೇ ಸಲಕ್ಕೆ ಹೋಯಿತು. ಆಮೇಲೆ ಫೋಟೊ ತೆಗೆದು ಆಪ್‌ಗೆ ಹಾಕಿದೆ.

ಕೊಂಡವನು ಪಾರ್ಸೆಲ್ ತಲುಪಿದ ಮೇಲೆ ಗಾಜಿನೊಳಗೆ ಬೂಷ್ಟು ಇದೆ ಎಂದು ದೂರು ಕೊಟ್ಟ. ನಮ್ಮ ಲೆನ್ಸಿಗೆ ಬೂಷ್ಟೇ? ನನಗೂ ಮಗಳಿಗೂ ಸೇರಿಸಿ ಮಾಡದಷ್ಟು ಆರೈಕೆಯನ್ನು ನೀವು ಅದಕ್ಕೆ ಮಾಡಿದ್ದಿರಿ. ಆ ಆಪ್‌ನಲ್ಲಿ ಕೊಳ್ಳುವವರಿಗೆ ರಕ್ಷಣೆ ಅಂತ ನಿಯಮ ಇದೆ. ಕೊಂಡವನು ಸರಿಯಿಲ್ಲ ಎಂದರೆ ಹಣ ಅವನಿಗೆ ವಾಪಸು, ವಸ್ತು ನಮಗೆ ವಾಪಸು. ಮಾರುವವಳ ರಕ್ಷಣೆಗೆ ದೇವರೇ ಗತಿ. ಹೋಗಲಿ, ಲೆನ್ಸ್ ಬಂತಲ್ಲ ಅಂದುಕೊಂಡು ಡಬ್ಬಿ ಬಿಚ್ಚಿದರೆ ಒಳಗಿದ್ದದ್ದು ನಮ್ಮದಲ್ಲ. ಅದೇ ಕಂಪನಿ, ಅದೇ ಅಳತೆ, ಆದರೆ ಗಾಜಿನೊಳಗೆ ಎಳೆಎಳೆಯಾಗಿ ಬೂಷ್ಟು ಹಬ್ಬಿತ್ತು. ತನ್ನ ಕೆಟ್ಟದ್ದನ್ನು ನನಗೆ ದಾಟಿಸಿ ನಮ್ಮದನ್ನು ಇಟ್ಟುಕೊಂಡಿದ್ದ.

ಆಪ್‌ನವರಿಗೆ ಫೋನ್ ಮಾಡಿದಾಗೆಲ್ಲ ಬೇರೆ ಹುಡುಗಿ, ಅದೇ ಮಾತು: ಮೇಡಂ, ನಿಮ್ಮ ಬೇಸರ ನಮಗೆ ಅರ್ಥ ಆಗುತ್ತೆ. ಅರ್ಥವಾದದ್ದು ಅಷ್ಟೇ. ಬಿಲ್ಲು ಕೇಳಿದರು, ನೀವು ಅದನ್ನು ಕೊಂಡಿದ್ದೇ ಸೆಕೆಂಡ್ ಹ್ಯಾಂಡಿನಲ್ಲಿ. ಲೆನ್ಸಿನ ಮೇಲೆ ಕೊರೆದಿರುವ ನಂಬರು ಕೇಳಿದರು, ನಾನು ನೋಡಿಟ್ಟುಕೊಂಡಿರಲಿಲ್ಲ. ಪ್ಯಾಕ್ ಮಾಡುವಾಗಿನ ವಿಡಿಯೊ ಕೇಳಿದರು. ವಿಡಿಯೊ ಮಾಡಿಟ್ಟುಕೋ ಅಂತ ತಮ್ಮ ಹೇಳಿದ್ದ; ಇಷ್ಟಕ್ಕೆಲ್ಲ ಸಿನಿಮಾ ತೆಗೀಬೇಕೇನೋ ಅಂತ ನಾನೇ ಅವನನ್ನು ಗದರಿದ್ದೆ. ಕೊನೆಗೆ, ನಿಮ್ಮದೇ ಎನ್ನಲು ಏನಾದರೂ ಗುರುತು ಇದೆಯಾ ಮೇಡಂ ಅಂದಳು. ಕೆಂಪು ಚುಕ್ಕೆ ಅಂದೆ. ನೀವೇ ಹಾಕಿರುವ ಫೋಟೊದಲ್ಲಿ ಅಂಥದ್ದೇನೂ ಕಾಣ್ತಿಲ್ಲವಲ್ಲ ಅಂದಳು.

ಹಳೆಯ ಫೋಟೊಗಳನ್ನೆಲ್ಲ ಕೆದಕಿದೆ. ಊರವರ ಮುಖವೆಲ್ಲ ಇದೆ, ಆ ಲೆನ್ಸಿನ ಒಂದು ಫೋಟೊ ಇಲ್ಲ. ಎಲ್ಲದರಲ್ಲೂ ಅದು ನಿಮ್ಮ ಕಣ್ಣಿನ ಮುಂದೆ, ಫೋಟೊ ತೆಗೆಯುವ ಈ ಕಡೆ ಇತ್ತಲ್ಲ.

ಮೊದಲು ಆ ಕಳ್ಳನನ್ನು ಬೈದೆ, ಆಮೇಲೆ ಆಪ್‌ನವರನ್ನು. ಈಗ ಬೈಯಲು ಉಳಿದಿರುವುದು ನನ್ನ ಕೈಯೊಂದೇ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅಂತಾರೆ. ತುಂಬಾ ನೋವಾಗುತ್ತದೆ ಕಣ್ರೀ. ಬೂಷ್ಟಿನ ಲೆನ್ಸನ್ನು ರಿಪೇರಿಯವನಿಗೆ ತೋರಿಸಿದೆ, ಅದು ಸರಿಹೋಗುವುದಿಲ್ಲವಂತೆ. ನಿಮಗೆ ಕೊಡಲು ನನ್ನ ಹತ್ತಿರ ಏನೂ ಇಲ್ಲ. ಬರುವುದು ಬಿಡುವುದು ಇನ್ನು ನಿಮಗೇ ಸೇರಿದ್ದು. ಮಗಳಿಗೆ ಇನ್ನೂ ಹೇಳಿಲ್ಲ.

ಇಂತಿ,
ಸಿಡುಕಮ್ಮ

ಇನ್ನೊಂದು ಮಾತು: ಫೀಸಿಗಾಗಿ ಮಾರಿದೆ ಎಂದು ಮೇಲೆ ಬರೆದದ್ದು ಸುಳ್ಳು. ನೀವು ಕಳಿಸಿದ ಹಣದಲ್ಲೇ ಫೀಸು ಕಟ್ಟಿ ಆಗಿತ್ತು. ಬೀರು ತೆಗೆದಾಗೆಲ್ಲ ಆ ಚುಕ್ಕೆ ಕಣ್ಣಿಗೆ ಬೀಳುತ್ತಿತ್ತು, ತಡೆಯಲಾಗಲಿಲ್ಲ. ಕ್ಯಾಮೆರಾದ ಮೇಲಿನ ಚುಕ್ಕೆಯನ್ನೂ ಒರೆಸಲು ಕೂತಿದ್ದೆ, ಹತ್ತಿ ಕೈಯಲ್ಲೇ ಒಣಗಿತು. ಅದು ಹಾಗೇ ಇದೆ. ಲೆನ್ಸ್ ಇಲ್ಲದಿದ್ದರೂ ಬನ್ನಿ.