ಅಪ್ಪನ ಕೊನೆಯ ಭಾನುವಾರ

ಜುಲೈ ೭, ಭಾನುವಾರ ಸಂಜೆ

ಪ್ರೀತಿಯ ಅಕ್ಕ,

ಚೆನ್ನಾಗಿದ್ದೀಯಾ? ನಿನ್ನ ಪತ್ರ ಬಂದು ಇಷ್ಟು ದಿನವಾದರೂ ಸುಮ್ಮನಿದ್ದೆನಲ್ಲ, ಬೇಕಾದಷ್ಟು ಬೈದುಕೋ, ಆದರೆ ಮುನಿಸಿಕೊಳ್ಳಬೇಡ. ನೀನು ಕೇಳಿದ್ದು ಒಂದೇ ಮಾತು: ಅಪ್ಪ ನಿವೃತ್ತರಾಗುವ ಕೊನೆಯ ಭಾನುವಾರ ಅಲ್ಲಿ ಪಾದ್ರಿಯಾದ ನೀನೂ ಅವರ ಪಕ್ಕದಲ್ಲಿ ನಿಂತು ಪ್ರಭುಭೋಜನದ ರೊಟ್ಟಿ ಮುರಿಯಬಹುದಾ ಎಂದು. ಆಗ ನನ್ನ ಬಳಿ ಉತ್ತರ ಇರಲಿಲ್ಲ. ಈಗ ಇದೆ. ಆದರೆ ನೇರವಾಗಿ ಹೇಳುವುದು ನನಗೆ ಬರುವುದಿಲ್ಲ, ನಿನಗೇ ಗೊತ್ತು. ಸುತ್ತಿ ಬಳಸಿ ಅಲ್ಲಿಗೆ ಬರುತ್ತೇನೆ.

ಅಮ್ಮನಿಗೆ ಮಂಡಿ ನೋವು ಸ್ವಲ್ಪ ಕಡಿಮೆ. ಚರ್ಚಿನವರು ಅಪ್ಪನಿಗೆ ಕೊಟ್ಟಿದ್ದ ಸಭಾಪಾಲಕರ ಮನೆ ಖಾಲಿ ಮಾಡಬೇಕಲ್ಲ, ಹಗಲೆಲ್ಲ ಅಪ್ಪನ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಾಳೆ. "ನಿವೃತ್ತಿ ನಿಮ್ಮಪ್ಪಂಗೆ, ಬೆನ್ನು ನೋವು ನನಗೆ" ಎನ್ನುತ್ತಾಳೆ. ಅವಳು ತುಂಬಿದ್ದನ್ನು ಅಪ್ಪ ಸಂಜೆ ಬಿಚ್ಚಿ ಓದುತ್ತಾ ಕೂರುತ್ತಾರೆ.

ನಮ್ಮ ಚರ್ಚನ್ನು ನೋಡಿದರೆ ನಿನಗೆ ಗುರುತೇ ಸಿಗಲಾರದು. ಒಂದು ಕಾಲದಲ್ಲಿ ಅಜ್ಜನಂಥವರು ಕೂರಬಾರದಿದ್ದ ಮುಂದಿನ ಬೆಂಚುಗಳಲ್ಲಿ ಈಗ ಆಸ್ಪತ್ರೆಯ ನರ್ಸುಗಳು ಕೂರುತ್ತಾರೆ, ರಾತ್ರಿ ಪಾಳಿ ಮುಗಿಸಿ ನೇರವಾಗಿ ಸಮವಸ್ತ್ರದಲ್ಲೇ ಬಂದವರು. ಅಪ್ಪ ಪ್ರಸಂಗ ಮಾಡುವ ಹೊತ್ತಿಗೆ ಅರ್ಧ ಜನ ತೂಕಡಿಸುತ್ತಾರೆ, ಹಾಡು ಶುರುವಾದರೆ ಮಾತ್ರ ಚಾವಣಿ ನಡುಗುತ್ತದೆ. ಗೋಡೆಯ ಮೇಲೆ ಆ ಅಮೃತಶಿಲೆಯ ಫಲಕಗಳಿವೆಯಲ್ಲ, ಹಡಗಿನಲ್ಲಿ ಬಂದು ಜ್ವರದಲ್ಲಿ ತೀರಿಕೊಂಡ ದೊರೆಗಳದ್ದು, ಅವನ್ನು ಕಿತ್ತುಹಾಕಬೇಕು ಎಂದು ಯುವಕರ ಸಂಘದವರು ಹಟ ಹಿಡಿದರು. ಅಪ್ಪ, "ಇರಲಿ ಬಿಡ್ರೋ. ಅವರ ಭಾಷೇಲಿ ನಾವು ಎಷ್ಟೋ ವರ್ಷ ಹಾಡಿದ್ವಿ. ಈಗ ನಮ್ಮದನ್ನ ಅವರು ಕೇಳಿಸ್ಕೊಳ್ಳಲಿ" ಎಂದರು. ಹುಡುಗರು ನಕ್ಕು ಏಣಿ ವಾಪಸ್ ಇಟ್ಟರು.

ಹೋದ ವಾರ ನಮ್ಮಲ್ಲೇ ಪ್ರಾಂತ್ಯದ ಎಲ್ಲ ಚರ್ಚುಗಳ ಮಹಾಸಭೆ ನಡೆಯಿತು. ನಮ್ಮ ಚರ್ಚನ್ನು ಕಟ್ಟಿದ ಸಮುದ್ರದಾಚೆಯ ಮಾತೃಸಭೆಯಿಂದ ಒಬ್ಬ ವಯಸ್ಸಾದ ಪಾದ್ರಿ ಅತಿಥಿಯಾಗಿ ಬಂದಿದ್ದರು. ಅವರಿಗೆ ಅನುವಾದ ಮಾಡುವ ಕೆಲಸ ನನ್ನ ತಲೆಗೆ ಬಂತು. "ಸಾಹಿತ್ಯ ಓದಿದ್ದಾಳೆ, ಮಾತಾಡೋದಿಲ್ಲ ಅಷ್ಟೇ" ಎಂದು ಅಪ್ಪ ನನ್ನನ್ನು ಪರಿಚಯಿಸಿದ ರೀತಿ ನೋಡು. ಅತಿಥಿ ಎದ್ದು ನಿಂತು, ತಮ್ಮ ಚರ್ಚು ತುಂಬಾ ದೊಡ್ಡದು, ಆದರೆ ಹೀಟರಿನ ಸುತ್ತ ಕೂರುವಷ್ಟು ಮುದುಕರು ಮಾತ್ರ ಉಳಿದಿದ್ದೇವೆ, ನೀವು ನಮಗೊಬ್ಬ ಸಭಾಪಾಲಕರನ್ನು ಕಳಿಸಿಕೊಡುತ್ತೀರಾ ಎಂದು ಕೇಳಿದರು. ನಾನು ಅದನ್ನು ನಮ್ಮ ಭಾಷೆಯಲ್ಲಿ ಹೇಳಿದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ನಮ್ಮ ಟೈಲರ್ ಅತ್ತೆ, ಗಾಯನವೃಂದದ ನಿಲುವಂಗಿ ಹೊಲಿಯುವವಳು, ಹಿಂದಿನಿಂದ ಹೇಳಿದಳು: "ಅಂದ್ರೆ ಈಗ ನಾವು ಅವರಿಗೆ ಮಿಷನರಿ ಕಳಿಸೋದಾ? ಕಳಿಸೋಣಂತೆ. ಜ್ವರ ಬಂದ್ರೆ ಚೆನ್ನಾಗಿ ನೋಡ್ಕೊಳ್ಳಿ ಅಂತ ಹೇಳಮ್ಮ." ಎಲ್ಲರೂ ನಕ್ಕರು. ಏನು ಅಂದರು ಎಂದು ಅತಿಥಿ ಕೇಳಿದಾಗ ಹಿಂಜರಿಯುತ್ತಲೇ ಹೇಳಿದೆ. ಎಲ್ಲರಿಗಿಂತ ಹೆಚ್ಚು ನಕ್ಕವರು ಅವರೇ.

ಮೊದಲ ಗೊತ್ತುವಳಿ ಪ್ರಾರ್ಥನೆಯದು. ಪ್ರತಿ ಭಾನುವಾರ ಆಚೆಯ ಆರ್ಚ್‌ಬಿಷಪ್ಪರ ಹೆಸರನ್ನು ಮೊದಲು ಹೇಳಿ, ಆಮೇಲೆ ನಮ್ಮ ಬಿಷಪ್ಪರದು ಹೇಳುತ್ತಿದ್ದೆವಲ್ಲ, ಇನ್ನು ಹಾಗಿಲ್ಲ. ಲೋಕದ ಎಲ್ಲ ಆಂಗ್ಲಿಕನ್ ಸಭೆಗಳಿಗಾಗಿ ಒಂದೇ ಸಾಲಿನಲ್ಲಿ ಪ್ರಾರ್ಥನೆ, ಯಾರೂ ಮೊದಲಲ್ಲ. ನಮ್ಮ ಪದ್ಧತಿಯಂತೆ ಒಪ್ಪಿದವರು ಎದ್ದು ನಿಲ್ಲಬೇಕು. ಮೊದಲು ಎದ್ದವರು ಅಪ್ಪ. ಚಿಕ್ಕ ವಯಸ್ಸಿನಲ್ಲಿ ಅವರು ನಮ್ಮ ಭಾಷೆಯಲ್ಲಿ ಬರೆದ ಪ್ರಾರ್ಥನೆಗೆ ಅಲ್ಲಿಂದ ಅನುಮತಿ ಬೇಕಿತ್ತಂತೆ, ಬಂದ ಉತ್ತರದಲ್ಲಿ 'ಸೂಕ್ತವಲ್ಲ' ಎಂದಿತ್ತಂತೆ. ಅದನ್ನು ಅವರು ಊಟದ ಹೊತ್ತಿನಲ್ಲಿ ಎಷ್ಟು ಸಲ ಹೇಳಿಲ್ಲ. ಅಂದು ಅವರ ಕಣ್ಣು ತುಂಬಿತ್ತು. ಪಕ್ಕದಲ್ಲಿ ಮತ ಹಾಕುವ ಹಕ್ಕಿಲ್ಲದ ಆ ಅತಿಥಿಯೂ ಎದ್ದು ನಿಂತಿದ್ದರು. ಅಕ್ಕ, ಆ ಗಳಿಗೆಯಲ್ಲಿ ನೀನಿರಬೇಕಿತ್ತು.

ಎರಡನೆಯದು ಬರುವವರೆಗೂ ಹಾಗೇ ಅಂದುಕೊಂಡಿದ್ದೆ. ಬಿಷಪ್ಪರು ಓದಿದರು: ನಮ್ಮನ್ನು ಕೇಳದೆ ನಿಯಮ ಬದಲಿಸಿದ ಸಭೆಗಳಲ್ಲಿ ಪಾದ್ರಿ ದೀಕ್ಷೆ ಪಡೆದ ಸ್ತ್ರೀಯರು ನಮ್ಮಲ್ಲಿ ಸಭಾಪಾಲಕರೆಂದು ಸೇವೆ ಮಾಡುವಂತಿಲ್ಲ, ನಮ್ಮಲ್ಲೂ ಸ್ತ್ರೀಯರಿಗೆ ದೀಕ್ಷೆ ಇಲ್ಲ. ಅವರ ಮೇಲೆ ಕೋಪ ಮಾಡಿಕೊಳ್ಳಬೇಡ, ನಿನ್ನನ್ನು ಹೆಗಲ ಮೇಲೆ ಹೊತ್ತು ಆಡಿಸಿದವರು. "ಅವರ ತೀರ್ಮಾನ ಅವರಿಗೆ, ನಮ್ಮದು ನಮಗೆ" ಎಂದು ಮೆಲ್ಲಗೆ ಹೇಳಿದರು. ಎಲ್ಲರೂ ಎದ್ದರು. ಅಪ್ಪ ಕೂತೇ ಇದ್ದರು.

"ಏನು ಅಯ್ಯನೋರೆ, ಕಾಲು ನೋವಾ?" ಎಂದರು ಬಿಷಪ್ಪರು.

"ಕಾಲು ಗಟ್ಟಿಯಾಗಿದೆ. ಅದಕ್ಕೇ ಕೂತಿರೋಕೆ ಆಗ್ತಿದೆ" ಎಂದರು ಅಪ್ಪ. ಆಮೇಲೆ, "ಇಂಥವರು ಯೋಗ್ಯರು, ಇಂಥವರು ಅಲ್ಲ ಅಂತ ಆಚೆಯವರು ನಮ್ಮನ್ನ ಬೇರೆ ಮಾಡ್ತಿದ್ದ ಕಾಲ ನಾನು ನೋಡಿದೀನಿ. ಅವರು ಬಿಟ್ಟುಹೋದದ್ದರಲ್ಲಿ ಅದೊಂದನ್ನ ಜೋಪಾನ ಮಾಡ್ಬೇಕಿತ್ತಾ?" ಎಂದರು.

ಟೈಲರ್ ಅತ್ತೆ ಕೂತಳು. ಇನ್ನೂ ಕೆಲವರು ಕೂತರು. ಆದರೂ ಗೊತ್ತುವಳಿ ಪಾಸಾಯಿತು.

ಆಮೇಲಿನ ದಿನಗಳಲ್ಲಿ ಅಪ್ಪ ವರಾಂಡದಲ್ಲಿ ಆ ಕಡೆ ಈ ಕಡೆ ಓಡಾಡಿದ್ದೇ ಓಡಾಡಿದ್ದು. ಗೊತ್ತುವಳಿಯನ್ನು ಮೀರಿಬಿಡಿ ಎಂದು ಅಮ್ಮ ಹೇಳಿದಾಗ, "ಬಿಷಪ್ಪರಿಗೆ ವಿಧೇಯನಾಗಿರ್ತೀನಿ ಅಂತ ಮಂಡಿಯೂರಿ ಮಾತು ಕೊಟ್ಟಿದ್ದು. ಇಷ್ಟು ದಿನ ನಡೆಸಿ ಕೊನೇ ಭಾನುವಾರ ಮುರೀಲಾ?" ಎಂದರು. ಆಮೇಲೆ ಒಂದು ಬೆಳಿಗ್ಗೆ ಒಂದು ಕೆನ್ನೆಯ ಮೇಲೆ ಸೋಪಿನ ನೊರೆ ಇರುವಂತೆಯೇ ಅಡುಗೆಮನೆಗೆ ಬಂದರು.

"ಬಟ್ಟಲು ಕಣೇ. ದ್ರಾಕ್ಷಾರಸದ ಬಟ್ಟಲು ಹಿಡಿಯೋಕೆ ದೀಕ್ಷೆ ಬೇಕಿಲ್ಲ. ಟೈಲರ್ ಹಿಡೀತಾಳೆ, ಡ್ರಿಲ್ ಮೇಷ್ಟ್ರು ಹಿಡೀತಾರೆ. ನನ್ನ ಮಗಳು ಹಿಡಿದ್ರೆ ಯಾರು ಬೇಡ ಅಂತಾರೆ? ರೊಟ್ಟಿ ನಾನು ಮುರೀತೀನಿ, ಬಟ್ಟಲು ಅವಳು ತರಲಿ. ನಾನೂ ಅವಳ ಕೈಯಿಂದಲೇ ಕುಡೀತೀನಿ."

ಆಗಲೇ ಬಿಷಪ್ಪರಿಗೆ ಫೋನು ಮಾಡಿದರು. ಅವರೂ ಒಪ್ಪಿದರು. ಒಂದೇ ಷರತ್ತು: ನೀನು ಸಭೆಯ ಒಬ್ಬ ಸದಸ್ಯೆಯಾಗಿ ಬರಬೇಕು, ಮಾಮೂಲಿ ಬಟ್ಟೆಯಲ್ಲಿ, ಕೊರಳಿಗೆ ಪಾದ್ರಿಗಳ ಬಿಳಿ ಕಾಲರ್ ಇಲ್ಲದೆ.

ಅಮ್ಮ ಒಲೆ ಸಣ್ಣ ಮಾಡಿ ಕೇಳಿದಳು: "ಕಾಲರ್ ಬಿಚ್ಚಿಟ್ಟು ಬಾ ಅಂತ ಅವಳಿಗೆ ಯಾರು ಬರೀತಾರೆ?"

ಅಪ್ಪ ಅಮ್ಮನನ್ನು ನೋಡಿದರು, ನೊರೆ ಒರೆಸಿಕೊಂಡರು, ಆಮೇಲೆ ನನ್ನನ್ನು ನೋಡಿದರು.

ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪನ ಸಂತೋಷ ನೋಡಿದರೆ ಇದು ಉಡುಗೊರೆ ಎನಿಸುತ್ತದೆ. ನೀನು ಅಷ್ಟು ಕಷ್ಟಪಟ್ಟು ಪಡೆದದ್ದನ್ನು ಮನೆಬಾಗಿಲಲ್ಲಿ ಕಳಚಿಡು ಎನ್ನುವುದು ಎಂಥ ಉಡುಗೊರೆ ಎಂದೂ ಎನಿಸುತ್ತದೆ. ಆದರೆ ಅವರಿಗೆ ಸಿಕ್ಕ ಜಾಗವೇ ಅಷ್ಟು, ಅದರಲ್ಲಿ ಒಂದು ಅಂಗುಲವನ್ನೂ ಅವರು ಬಿಡಲಿಲ್ಲ. ಅಷ್ಟು ಮಾತ್ರ ನಾನು ಕಣ್ಣಾರೆ ಕಂಡೆ. ಬರುವುದೂ ಬಿಡುವುದೂ ನಿನ್ನದು. ಬಂದರೆ ನಿನ್ನ ಮಂಚಕ್ಕೆ ಹೊಸ ಹೊದಿಕೆ ಸಿದ್ಧವಿದೆ.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಸರಿಯಾಗಿ ಊಟ ಮಾಡು ಎಂಬುದನ್ನೂ ಅದರೊಳಗೇ ಸೇರಿಸಿಕೋ. ಅಪ್ಪ, ಪತ್ರ ಅಂಟಿಸುವ ಮುಂಚೆ ಒಮ್ಮೆ ಕೈಯಲ್ಲಿ ಹಿಡಿದುಕೊಳ್ಳುತ್ತೇನೆ ಎಂದಿದ್ದಾರೆ. ಓದುವುದಿಲ್ಲವಂತೆ. ದೇವರು ನಿನ್ನ ಮೇಲೆ ಕೈಯಿಟ್ಟು ಕಾಯಲಿ.

ನಿನ್ನ
ತಂಗಿ

ತಾ.ಕ. ಎರಡನೆಯ ಗೊತ್ತುವಳಿಯನ್ನು ಅತಿಥಿಯ ಕಿವಿಯಲ್ಲಿ ಅನುವಾದಿಸಿದವಳೂ ನಾನೇ. ಅರ್ಧಕ್ಕೆ ನನ್ನ ದನಿ ನಿಂತುಹೋಯಿತು. ಅಪ್ಪನಿಂದ ನಿನ್ನ ವಿಷಯ ತಿಳಿದಿದ್ದ ಅವರು, "ನಿನ್ನ ಅಕ್ಕನನ್ನು ನೆನೆದೆಯಾ?" ಎಂದು ಕೇಳಿದರು. ತಲೆಯಾಡಿಸಿದೆ. ಆದರೆ ಅದಷ್ಟೇ ಅಲ್ಲ, ಅಕ್ಕ. ಅಪ್ಪನ ಕೊನೆಯ ಭಾನುವಾರ ನಿನ್ನನ್ನು ರೊಟ್ಟಿ ಮುರಿಯುವ ಆ ಮೇಜಿನ ಹಿಂದೆ ಕಂಡ ಧೈರ್ಯದಲ್ಲಿ, ಪಾದ್ರಿಯಾಗಲು ನನ್ನನ್ನೂ ದೇವಜ್ಞಾನ ಕಾಲೇಜಿಗೆ ಕಳಿಸಿ ಎಂದು ಅವರನ್ನು ಕೇಳಬೇಕೆಂದಿದ್ದೆ. ಇನ್ನೂ ಯಾರಿಗೂ ಹೇಳಿಲ್ಲ. ನಿನ್ನ ಹಾಗೆ ಸಮುದ್ರ ದಾಟುವ ಆಸೆ ನನಗಿಲ್ಲ. ನನಗೆ ಬೇಕಿದ್ದದ್ದು ಇಲ್ಲೇ, ತೂಕಡಿಸುವ ಈ ನರ್ಸುಗಳ ಮುಂದೆ, ನಮ್ಮದೇ ಭಾಷೆಯಲ್ಲಿ. ನೀನು ಬಾ, ಬಟ್ಟಲು ಹಿಡಿ, ಅಪ್ಪನಿಗೆ ಕುಡಿಸು. ಆದರೆ ಕಾಲರನ್ನು ಅಲ್ಲೇ ಬಿಟ್ಟು ಬರಬೇಡ, ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಬಾ. ನಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಒಂದೇ ಒಂದು ಸಲ ನನ್ನ ಕೊರಳಿಗೆ ಕಟ್ಟಿ, ಒಪ್ಪುತ್ತದಾ ಎಂದು ನೋಡಿ ಹೇಳು.